ಟೈಟಾನಿಯಂ ಮೇಲೆ ಮೂಳೆಕೋಶದ ಹಿಡಿತ: ಮೂರು ಅಳತೆ ವಿಧಾನಗಳ ಹೋಲಿಕೆ

ಮೂಳೆಗೆ ಕೂರಿಸುವ ಇಂಪ್ಲಾಂಟ್‌ಗಳ ಟೈಟಾನಿಯಂಗೆ ಫೈಬ್ರೊನೆಕ್ಟಿನ್ (ಕೋಶಗಳು ಅಂಟಿಕೊಳ್ಳಲು ನೆರವಾಗುವ ಪ್ರೋಟೀನ್) ಲೇಪಿಸಿದರೆ ಕೋಶಗಳ ಹಿಡಿತ ಎಷ್ಟು ಬಿಗಿಯಾಗುತ್ತದೆ ಎಂದು ತಿಳಿಯಲು ಸೆಂಟ್ರಿಫ್ಯೂಜ್, ಫ್ಲೋ ಚೇಂಬರ್ (ಕೋಶಗಳ ಮೇಲೆ ದ್ರವ ಹರಿಸುವ ಕಿರುಕಾಲುವೆ) ಮತ್ತು ಎಎಫ್‌ಎಂ (ಪರಮಾಣು ಬಲ ಸೂಕ್ಷ್ಮದರ್ಶಕ) ಮೂರನ್ನೂ ಇಲಿಯ ಎಂಸಿ3ಟಿ3-ಇ1 ಎಂಬ ಮೂಳೆಕೋಶಗಳೊಂದಿಗೆ ಬಳಸಿ ನೋಡಿದ್ದೇನೆ. ಪಿಪೆಟ್‌ನಿಂದ ತೊಳೆದು, ಉಳಿದ ಕೋಶಗಳಿಗೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ಅಂದಾಜಿಸುವ ಹಳೆಯ ಪದ್ಧತಿಯನ್ನು ಕೈಬಿಟ್ಟಿದ್ದೇನೆ. ತೊಳೆಯುವ ಕೈ ಬದಲಾದರೆ ಅಲ್ಲಿ ಫಲಿತಾಂಶವೂ ಬದಲಾಗುತ್ತದೆ. ಕೋಶ ಬೆಳೆಸುವ ಮಾಧ್ಯಮಕ್ಕೆ ಬೆರೆಸುವ ಸೀರಂನಲ್ಲಿರುವ (ರಕ್ತದ್ರವದಲ್ಲಿರುವ) ಪ್ರೋಟೀನುಗಳು ಬರಿಯ ಟೈಟಾನಿಯಂ ಮೇಲೂ ಕೂತು ವ್ಯತ್ಯಾಸವನ್ನೇ ಮಸುಕಾಗಿಸುವುದರಿಂದ, ಮೂರರಲ್ಲೂ ಕೋಶಗಳನ್ನು ಸೀರಂ ಇಲ್ಲದ ಮಾಧ್ಯಮದಲ್ಲೇ ಬಿತ್ತಿದ್ದು.

ಸೆಂಟ್ರಿಫ್ಯೂಜ್ ವಿಧಾನದಲ್ಲಿ ಕೋಶಗಳು ಅಂಟಿರುವ ಪ್ಲೇಟನ್ನು ಬೋರಲು ಹಾಕಿ ತಿರುಗಿಸಬೇಕು. ಕೋಶದ ಸಾಂದ್ರತೆ ಸುತ್ತಲಿನ ದ್ರವಕ್ಕಿಂತ ಸುಮಾರು ಶೇ. 5ರಷ್ಟು ಮಾತ್ರ ಹೆಚ್ಚಿರುವುದರಿಂದ, 15 ಮೈಕ್ರೊಮೀಟರ್ ವ್ಯಾಸದ ಕೋಶವನ್ನು 1000 ಜಿಯಲ್ಲಿ (ಗುರುತ್ವದ ಸಾವಿರ ಪಟ್ಟಿನಲ್ಲಿ) ತಿರುಗಿಸಿದರೂ ಅದರ ಮೇಲೆ ಬೀಳುವ ಬಲ 1 ನ್ಯಾನೊನ್ಯೂಟನ್ನಿನ ಆಸುಪಾಸಿನದು. ಬಿತ್ತಿ ಹತ್ತಿಪ್ಪತ್ತು ನಿಮಿಷವಾದ ಕೋಶಗಳಲ್ಲಿ ಎರಡು ಮೇಲ್ಮೈಗಳ ಅಂತರ ಇದರಿಂದ ಚೆನ್ನಾಗಿ ಕಾಣುತ್ತದೆ, ಆದರೆ ರಾತ್ರಿಯಿಡೀ ಹರಡಿಕೊಂಡ ಕೋಶಗಳು ಜಗ್ಗುವುದೇ ಇಲ್ಲ. ಪ್ಲೇಟಿನ ವೆಲ್‌ಗಳನ್ನು (ಗುಳಿಗಳನ್ನು) ಅಂಚಿನವರೆಗೆ ತುಂಬಿ ಮುಚ್ಚದಿದ್ದರೆ, ಬೋರಲಾದ ಕೂಡಲೇ ಗಾಳಿಗುಳ್ಳೆ ಮೇಲೇರಿ ಕೋಶಗಳಿಗೇ ತಾಗಿ, ಅಂಟಿದ್ದನ್ನೂ ಕಿತ್ತುಹಾಕುತ್ತದೆ.

ಹರಡಿಕೊಂಡ ಕೋಶಗಳಿಗೆ ನಾನು ನೆಚ್ಚುವುದು ಫ್ಲೋ ಚೇಂಬರನ್ನು. 10 ಮಿಲಿಮೀಟರ್ ಅಗಲ, 0.25 ಮಿಲಿಮೀಟರ್ ಎತ್ತರದ ಕಾಲುವೆಯಲ್ಲಿ ನಿಮಿಷಕ್ಕೆ 10 ಮಿಲಿಲೀಟರ್ ಮಾಧ್ಯಮ ಹರಿಸಿದರೆ ತಳದ ಮೇಲಿನ ಉಜ್ಜುವ ಒತ್ತಡ ಸುಮಾರು 1 ಪಾಸ್ಕಲ್ ಆಗುತ್ತದೆ. ಹರಿವನ್ನು ಹಂತಹಂತವಾಗಿ ಏರಿಸುತ್ತ ಅರ್ಧದಷ್ಟು ಕೋಶಗಳು ಕಿತ್ತುಹೋಗುವ ಒತ್ತಡವನ್ನು ಗುರುತಿಸಬಹುದು. ಆದರೆ ಒತ್ತಡವು ಎತ್ತರದ ವರ್ಗಕ್ಕೆ ವಿಲೋಮವಾಗಿರುವುದರಿಂದ, ಸ್ಕ್ರೂ ಬಿಗಿದಾಗ ಕಾಲುವೆಯ ಎತ್ತರವನ್ನು ನಿರ್ಧರಿಸುವ ಸಿಲಿಕೋನ್ ಗ್ಯಾಸ್ಕೆಟ್ ಶೇ. 10ರಷ್ಟು ಕುಗ್ಗಿದರೆ ಲೆಕ್ಕ ಶೇ. 20ಕ್ಕೂ ಮೀರಿ ತಪ್ಪುತ್ತದೆ. ಪೊಟ್ಟಣದ ಮೇಲೆ ಬರೆದ ದಪ್ಪವನ್ನು ನಂಬದೆ, ಬಿಗಿದ ಮೇಲೆ ಎತ್ತರವನ್ನು ಅಳೆಯುವುದೇ ಸರಿ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು: ಫೈಬ್ರೊನೆಕ್ಟಿನ್ ಮೇಲೆ ಚಪ್ಪಟೆಯಾದ ಕೋಶಕ್ಕೆ ಹರಿವಿನ ಹೊಡೆತವೇ ಕಡಿಮೆ ತಗಲುವುದರಿಂದ, ಸಿಗುವ ಅಂಕಿಯಲ್ಲಿ ಹಿಡಿತದ ಜೊತೆ ಆಕಾರವೂ ಬೆರೆತಿರುತ್ತದೆ.

ಎಎಫ್‌ಎಂನಲ್ಲಿ ಕಾನ್‌ಕನವಾಲಿನ್-ಎ (ಕೋಶವನ್ನು ಹಿಡಿದಿಡುವ ಪ್ರೋಟೀನ್) ಲೇಪಿಸಿದ, ಮೊನೆಯಿಲ್ಲದ ಕ್ಯಾಂಟಿಲಿವರ್‌ಗೆ (ಬಲಕ್ಕೆ ಬಾಗುವ ಸಣ್ಣ ಪಟ್ಟಿಗೆ) ಒಂದು ಕೋಶವನ್ನು ಅಂಟಿಸಿ, ಮೇಲ್ಮೈಗೆ ಒತ್ತಿ, ಹಿಂದಕ್ಕೆ ಎಳೆಯುತ್ತೇವೆ. ನ್ಯಾನೊನ್ಯೂಟನ್‌ಗಳಲ್ಲಿ ನೇರ ಬಲ ಸಿಗುವುದು, ಕೋಶ-ಮೇಲ್ಮೈ ನಡುವಿನ ಕೊಂಡಿಗಳು ಒಂದೊಂದಾಗಿ ಬಿಡುವಾಗ ಬಲದ ವಕ್ರರೇಖೆಯಲ್ಲಿ ಮೆಟ್ಟಿಲುಗಳು ಕಾಣುವುದು ಇಲ್ಲಿ ಮಾತ್ರ. ಸಂಪರ್ಕದ ಅವಧಿ ಹೆಚ್ಚಾದರೆ ಕೋಶ ಕ್ಯಾಂಟಿಲಿವರನ್ನೇ ಬಿಟ್ಟು ಮೇಲ್ಮೈಯಲ್ಲಿ ಉಳಿದುಬಿಡುತ್ತದೆ. ಕೋಶದಿಂದ ಕೋಶಕ್ಕೆ ಬಲ ಬಹಳ ವ್ಯತ್ಯಾಸವಾಗುವ ಕಾರಣ ದಿನವಿಡೀ ಕೂತರೂ ನಂಬಬಹುದಾದ ಸರಾಸರಿ ಸಿಗುವುದು ಕಷ್ಟ. ಹತ್ತಾರು ಲೇಪನಗಳಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಇದನ್ನು ಮುಟ್ಟುವುದಿಲ್ಲ; ಮೊದಲ ಜರಡಿಗೆ ಸೆಂಟ್ರಿಫ್ಯೂಜ್, ಉಳಿದ ಎರಡು ಮೂರಕ್ಕೆ ಫ್ಲೋ ಚೇಂಬರ್ ಸಾಕು.