‘ಟಪಾಲು ಖರ್ಚು ಬೇರೆ’ ಅಂದರೆ ಎಷ್ಟು? ನಾಲ್ಕು ರೀತಿ ಮಾಡಿ ನೋಡಿದೆ

ನಾನು ಕೊಪ್ಪಳದಲ್ಲಿ ಇದ್ದುಕೊಂಡು ಆನ್‌ಲೈನ್ ಹರಾಜಿನಲ್ಲಿ ಹಳೆ ಕಾಗದ ಮಾರುತ್ತೇನೆ. ಅಂಚೆಚೀಟಿ, ಬೆಂಕಿಪೊಟ್ಟಣದ ಲೇಬಲ್, ಬಳಸಿದ ಪೋಸ್ಟ್‌ಕಾರ್ಡು, ಹಳೆ ಮಾಸಪತ್ರಿಕೆ. ಅಪರೂಪಕ್ಕೊಮ್ಮೆ ಒಂದು ಕಿನ್ನಾಳ ಗೊಂಬೆ. ಕೊಳ್ಳುವುದೂ ಹರಾಜಿನಲ್ಲೇ. ಇಷ್ಟು ದಿನದಲ್ಲಿ ನಾನು ಕಂಡ ಜಗಳಗಳಲ್ಲಿ ಮಾಲು ಸರಿಯಿಲ್ಲ ಎಂದು ಆದವು ಕಡಿಮೆ. ಹೆಚ್ಚಿನವು ಟಪಾಲು ಖರ್ಚಿಗೆ ಆದವು. ಅದೂ ಮೂವತ್ತು, ನಲವತ್ತು ರೂಪಾಯಿಗೆ.

ಈ ಜಗಳ ತಪ್ಪಿಸಬೇಕೆಂದು ಒಂದೊಂದು ಕಾಲಕ್ಕೆ ಒಂದೊಂದು ಪದ್ಧತಿ ಹಿಡಿದೆ. ಒಟ್ಟು ನಾಲ್ಕು. ನಾಲ್ಕರಲ್ಲೂ ಕೈಯಿಂದ ದುಡ್ಡು ಹಾಕಿ, ಬೈಸಿಕೊಂಡು, ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಎಲ್ಲರೂ ಮಾಡುವಂಥದ್ದು. ಮಾಲಿನ ಫೋಟೊ ಕೆಳಗೆ ‘ಟಪಾಲು ಖರ್ಚು ಬೇರೆ’ ಎಂದು ಬರೆದು ಬಿಡುವುದು. ಎಷ್ಟು ಅಂತ ಹೇಳುವುದಿಲ್ಲ. ಹರಾಜು ಮುಗಿದ ಮೇಲೆ ನೋಡಿಕೊಂಡರಾಯಿತು ಅನ್ನುವ ಧೈರ್ಯ. ಈ ಪದ್ಧತಿ ಎಷ್ಟು ಕೆಟ್ಟದ್ದು ಅನ್ನುವುದು ಒಂದು ಗೊಂಬೆಯಿಂದ ಗೊತ್ತಾಯಿತು.

ಕಿನ್ನಾಳದ ಗೊಂಬೆ ಹಗುರ ಮರದ್ದು. ಕೈಯಲ್ಲಿ ಹಿಡಿದರೆ ಭಾರವೇ ಅನ್ನಿಸುವುದಿಲ್ಲ. ನಾನು ಮಾರಿದ ಗೊಂಬೆ ಪ್ಯಾಕಿಂಗ್ ಸೇರಿ 420 ಗ್ರಾಂ ಇತ್ತು. ಬಣ್ಣ ಕೀಳಬಾರದು, ಕೈ ಮುರಿಯಬಾರದು ಎಂದು ಸುತ್ತಲೂ ಪೇಪರ್ ತುಂಬಿ ದೊಡ್ಡ ಡಬ್ಬಕ್ಕೆ ಹಾಕಿದೆ. ಡಬ್ಬದ ಅಳತೆ 30, 25, 20 ಸೆಂಟಿಮೀಟರ್. ಕೊರಿಯರ್ ಅಂಗಡಿಯವರು ತಕ್ಕಡಿ ನೋಡಲೇ ಇಲ್ಲ, ಅಳತೆ ಟೇಪು ಹಿಡಿದರು. ಉದ್ದ, ಅಗಲ, ಎತ್ತರ ಗುಣಿಸಿ 5000ರಿಂದ ಭಾಗಿಸಿದರು. ಮೂರು ಕೆಜಿ ಬಂತು. ದೊಡ್ಡ, ಹಗುರ ಡಬ್ಬಗಳಿಗೆ ಲೆಕ್ಕ ಹೀಗೇ. ಡಬ್ಬ ಗಾಡಿಯಲ್ಲಿ ಹಿಡಿಯುವ ಜಾಗಕ್ಕೆ ದುಡ್ಡು, ಒಳಗಿನ ಮಾಲಿನ ತೂಕಕ್ಕಲ್ಲ. ಅರ್ಧ ಕೆಜಿ ದರ ಎಂದುಕೊಂಡು ಹೋದವನಿಗೆ ಮೂರು ಕೆಜಿ ದರ ಬಿತ್ತು.

ಗೊಂಬೆ ಗೆದ್ದವರು ರಾಯಚೂರಿನವರು. ಫೋನ್ ಮಾಡಿ ಮೊತ್ತ ಹೇಳಿದೆ.

“ಗೊಂಬಿಗೆ ಆರ್ನೂರು, ಕಳ್ಸಾಕ ಮುನ್ನೂರಾ? ಮೊದ್ಲ ಹೇಳಿದ್ರ ನಾನು ನಾನೂರಕ್ಕ ನಿಂದರ್ತಿದ್ದೆ ಅಲ್ರೀ ಅಣ್ಣಾರ,” ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಸರಿ ಇತ್ತು. ಬಿಡ್ ಹಾಕುವವರು ಮನಸ್ಸಿನಲ್ಲಿ ಒಂದು ಮೊತ್ತ ಇಟ್ಟುಕೊಂಡಿರುತ್ತಾರೆ. ಮನೆ ಬಾಗಿಲಿಗೆ ಬರುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ ಅನ್ನುವುದು ಆ ಮೊತ್ತ. ಟಪಾಲು ಖರ್ಚು ಹೇಳದೇ ಹರಾಜು ನಡೆಸಿದರೆ ಅವರು ಅರ್ಧ ಲೆಕ್ಕದಲ್ಲಿ ಕೂಗುತ್ತಾರೆ. ಉಳಿದರ್ಧ ಆಮೇಲೆ ತಲೆಗೆ ಬಡಿಯುತ್ತದೆ. ಖರ್ಚಿನಲ್ಲಿ ಅರ್ಧ ನಾನು ಹಾಕಿ ಗೊಂಬೆ ಕಳಿಸಿದೆ. ಅವರು ಮತ್ತೆ ನನ್ನ ಹತ್ತಿರ ಏನೂ ಕೊಂಡಿಲ್ಲ.

ಕೊಳ್ಳುವವನಾಗಿಯೂ ಇದೇ ಅನುಭವ ಆಗಿದೆ. ಹೊರರಾಜ್ಯದ ಒಬ್ಬರ ಹತ್ತಿರ ಹತ್ತು ರೂಪಾಯಿಗೆ ಒಂದು ಅಂಚೆಚೀಟಿ ಗೆದ್ದೆ. ಟಪಾಲು 150 ಅಂದರು. ಒಂದು ಲಕೋಟೆ, ಒಂದು ಚೀಟಿ. ಇದು ಅಜಾಗರೂಕತೆಯಲ್ಲ, ಲೆಕ್ಕಾಚಾರ. ಬೆಲೆ ಕಡಿಮೆ ತೋರಿಸಿ ಲಾಭವನ್ನು ಟಪಾಲಿನಲ್ಲಿ ಎಳೆಯುವುದು. ಇಬೇಯಂಥ ದೊಡ್ಡ ಹರಾಜು ತಾಣದಲ್ಲೂ ಈ ಆಟ ವರ್ಷಗಟ್ಟಲೆ ನಡೆದಿತ್ತು. ಕಮಿಷನ್ ಮಾಲಿನ ಬೆಲೆಗೆ ಮಾತ್ರ ಇದ್ದದ್ದರಿಂದ ಟಪಾಲು ಹೆಚ್ಚು ಹಾಕಿದಷ್ಟೂ ಮಾರುವವರಿಗೆ ಉಳಿತಾಯ. 2011ರಲ್ಲಿ ಅಮೆರಿಕದಲ್ಲಿ ಟಪಾಲಿನ ಮೊತ್ತಕ್ಕೂ ಕಮಿಷನ್ ಹಾಕಲು ಶುರು ಮಾಡಿದರು. ನಮ್ಮ ಫೋನ್ ಗುಂಪುಗಳ ಹರಾಜಿನಲ್ಲಿ ಕಮಿಷನ್ನೂ ಇಲ್ಲ, ಕೇಳುವವರೂ ಇಲ್ಲ.

ಎರಡನೆಯದು ಒಂದೇ ದರ. ಯಾವ ಊರಾದರೂ, ಯಾವ ಚೀಟಿಯಾದರೂ ಇಷ್ಟೇ. ಇದು ಬಹಳ ಹಿಡಿಸಿತ್ತು. ಜನಕ್ಕೂ ಹಿಡಿಸಿತು. ಪ್ರಶ್ನೆಯೇ ಬರುತ್ತಿರಲಿಲ್ಲ. ಆದರೆ 2025 ಇದಕ್ಕೆ ಕೆಟ್ಟ ವರ್ಷವಾಯಿತು. ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದರು. ಅಲ್ಲಿಯವರೆಗೆ 20 ಗ್ರಾಂ ರಿಜಿಸ್ಟರ್ಡ್ ಲಕೋಟೆ ₹26ರ ಸುಮಾರಿಗೆ ಹೋಗುತ್ತಿತ್ತು. ನಾನು ₹30 ಎಂದು ಬರೆದಿಟ್ಟಿದ್ದೆ. ಆಮೇಲೆ ಊರಾಚೆ ರಸೀದಿ, ಟ್ರ್ಯಾಕಿಂಗ್ ಸಮೇತ ಅಂಚೆಯಲ್ಲಿ ಕಳಿಸಬೇಕೆಂದರೆ ಸ್ಪೀಡ್ ಪೋಸ್ಟೇ ಗತಿ, 50 ಗ್ರಾಂವರೆಗೆ ಜಿಎಸ್‌ಟಿ ಸೇರಿ ₹41. ಒಂದೇ ತಿಂಗಳಿಗೆ, ಅಕ್ಟೋಬರ್ 1ರಿಂದ, ಅದರ ದರವೂ ಏರಿತು. ₹47, ಮೇಲೆ 18% ಜಿಎಸ್‌ಟಿ. ಅಂದರೆ ₹55.46.

ಸೆಪ್ಟೆಂಬರ್ ಕೊನೆಗೆ ಗೆದ್ದು ಅಕ್ಟೋಬರ್ ಮೊದಲ ವಾರ ದುಡ್ಡು ಹಾಕಿದವರು ನಾಲ್ಕು ಜನ ಇದ್ದರು. ಹಳೆ ದರ ನಾನು ಬರೆದದ್ದು, ಹಾಗಾಗಿ ಹೆಚ್ಚಾದದ್ದನ್ನು ನಾನೇ ಹಾಕಿದೆ. ಹಾಕಬೇಕಾದದ್ದೇ. ಬಿಡ್ ಬಿದ್ದ ದಿನದ ಮಾತು ಮಾತೇ.

ಒಂದೇ ದರದ ಇನ್ನೊಂದು ತೊಂದರೆ ಒಬ್ಬರೇ ಎರಡು ಮೂರು ಲಾಟ್ (ಒಂದು ಹರಾಜಿಗೆ ಇಟ್ಟ ಮಾಲು) ಗೆದ್ದಾಗ. ಬೆಂಗಳೂರಿನ ಒಬ್ಬರು ಮೂರು ಲಾಟ್ ಗೆದ್ದರು. ಅಷ್ಟರಲ್ಲಿ ಏರಿಸಿದ್ದ ನನ್ನ ದರ ಲಾಟಿಗೆ ₹60ರಂತೆ ₹180 ಹಾಕಿದರು. ಮೂರನ್ನೂ ಒಂದೇ ಲಕೋಟೆಯಲ್ಲಿ ಕಳಿಸಿದೆ. ಟ್ರ್ಯಾಕಿಂಗ್ ನಂಬರ್ ಬೇಕು ಅಂದಾಗ ರಸೀದಿಯ ಫೋಟೊ ಹಾಕಿದೆ. ರಸೀದಿಯಲ್ಲಿ ತೂಕ 110 ಗ್ರಾಂ, ಮೊತ್ತ ₹74.34 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಐದು ನಿಮಿಷಕ್ಕೆ ಮೆಸೇಜು ಬಂತು: “ಸರ್, ಉಳಿದ 105?” ಪ್ಯಾಕಿಂಗ್, ಓಡಾಟ ಎಂದು ಏನೋ ಟೈಪ್ ಮಾಡಲು ಹೋಗಿ ಅಳಿಸಿದೆ. ಅವನ್ನು ಮೊದಲೇ ಬರೆದಿರಲಿಲ್ಲವಲ್ಲ. ₹95 ವಾಪಸ್ ಹಾಕಿ, ಹತ್ತು ರೂಪಾಯಿ ಪ್ಯಾಕಿಂಗಿಗೆ ಇಟ್ಟುಕೊಳ್ಳಲೇ ಎಂದು ಕೇಳಿದೆ. ಖುಷಿಯಿಂದ ಒಪ್ಪಿದರು. ಹೇಳಿ ತೆಗೆದುಕೊಂಡ ಹತ್ತಕ್ಕೆ ಯಾರೂ ಜಗಳ ಆಡುವುದಿಲ್ಲ.

ಮೂರನೆಯದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಪಾಲು ಸೇರಿಸಿಯೇ ಬೆಲೆ, ‘ಉಚಿತ ಟಪಾಲು’. ಅಂಗಡಿಯಲ್ಲಿ ಇದು ನಡೆಯುತ್ತದೆ, ಯಾಕೆಂದರೆ ಅಲ್ಲಿ ಬೆಲೆ ಅಂಗಡಿಯವರ ಕೈಯಲ್ಲಿದೆ. ಹರಾಜಿನಲ್ಲಿ ಬೆಲೆ ನನ್ನ ಕೈಯಲ್ಲಿ ಇಲ್ಲ. ನೂರಕ್ಕೆ ಶುರುವಾದದ್ದು ನೂರಾಹತ್ತಕ್ಕೆ ನಿಂತರೆ, ಎಪ್ಪತ್ತು ಟಪಾಲಿಗೆ ಹೋಗಿ ನಲವತ್ತು ಉಳಿಯುತ್ತದೆ. ಶುರುವಿನ ಬೆಲೆ ಏರಿಸಿದರೆ ಕೂಗುವವರೇ ಬರುವುದಿಲ್ಲ. ಅದೂ ಅಲ್ಲದೆ, ಇಲ್ಲೇ ಕೊಪ್ಪಳದಲ್ಲಿ ಮನೆಗೆ ಬಂದು ಒಯ್ಯುವವರೂ ದೆಹಲಿಯವರ ಟಪಾಲು ಕೊಟ್ಟಂತಾಗುತ್ತದೆ. ಅದು ನ್ಯಾಯ ಅನ್ನಿಸಲಿಲ್ಲ. ಐನೂರು ದಾಟುವ ಮಾಲಿಗೆ ಮಾತ್ರ ಈಗಲೂ ಇದನ್ನು ಬಳಸುತ್ತೇನೆ.

ಈಗ ನಾನು ಹಿಡಿದಿರುವುದು ನಾಲ್ಕನೆಯದು. ಫೋಟೊ ಹಾಕುವ ಮೊದಲೇ ಪ್ಯಾಕ್ ಮಾಡಿ, ತೂಕ ಮಾಡಿ, ದೂರದ ಪ್ರಕಾರ ದರ ಬರೆಯುವುದು. ಕೆಲಸ ಜಾಸ್ತಿ. ಆದರೂ ನನ್ನ ಆಯ್ಕೆ ಇದೇ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಲಕೋಟೆ ಅಂಟಿಸುವುದಿಲ್ಲ, ಒಳಗಿನದೆಲ್ಲ ಇಟ್ಟು ತೂಗುತ್ತೇನೆ. ಚೀಟಿ ಮಡಚಿಕೊಳ್ಳದಂತೆ ಎರಡೂ ಕಡೆ ದಪ್ಪ ರಟ್ಟು ಬೇಕಲ್ವಾ? ಮನೆಯಲ್ಲಿ ಹಳೆ ಲಗ್ನಪತ್ರಿಕೆಗಳು ರಾಶಿ ಬಿದ್ದಿರುತ್ತವೆ, ಅವನ್ನೇ ಕತ್ತರಿಸಿ ಹಾಕುತ್ತಿದ್ದೆ. ಒಮ್ಮೆ ತಕ್ಕಡಿ 53 ಗ್ರಾಂ ತೋರಿಸಿತು. ಲಗ್ನಪತ್ರಿಕೆಯ ಒಂದು ಹಾಳೆ ತೆಗೆದು ತೆಳು ರಟ್ಟು ಹಾಕಿದೆ. 46 ಬಂತು. ಈ ಏಳು ಗ್ರಾಂ ಸಣ್ಣದಲ್ಲ. 50 ಗ್ರಾಂವರೆಗೆ ಊರಾಚೆ ಎಲ್ಲಿಗಾದರೂ ₹47. ಅದು ದಾಟಿ 250 ಗ್ರಾಂವರೆಗೆ ದೂರದ ಲೆಕ್ಕ ಶುರು: 200 ಕಿಲೊಮೀಟರ್ ಒಳಗೆ ₹59, 500ರ ಒಳಗೆ ₹63, ಸಾವಿರದ ಒಳಗೆ ₹68, ಎರಡು ಸಾವಿರದ ಒಳಗೆ ₹72. ಎಲ್ಲಕ್ಕೂ ಜಿಎಸ್‌ಟಿ ಬೇರೆ. ನನಗೆ ರಾಯಚೂರು, ಬಳ್ಳಾರಿ ಮೊದಲ ಸಾಲಿಗೆ, ಬೆಂಗಳೂರು ಎರಡನೆಯದಕ್ಕೆ, ದೆಹಲಿ, ಕೋಲ್ಕತ್ತ ಕೊನೆಯದಕ್ಕೆ ಬರುತ್ತವೆ. ಯಾರ ಹೆಸರಿಗೆ ಇದೆಯೋ ಅವರ ಕೈಗೇ ಕೊಡಬೇಕು ಅಂದರೆ ರಿಜಿಸ್ಟ್ರೇಷನ್ನಿಗೆ ಇನ್ನೂ ₹5, ಅದಕ್ಕೂ ಜಿಎಸ್‌ಟಿ.

ಈಗ ನನ್ನ ಹರಾಜಿನ ಕೆಳಗೆ ಹೀಗೆ ಇರುತ್ತದೆ: ‘ಪ್ಯಾಕ್ ಮಾಡಿದ ತೂಕ 62 ಗ್ರಾಂ. ಸ್ಪೀಡ್ ಪೋಸ್ಟ್, ಜಿಎಸ್‌ಟಿ ಸೇರಿ: ಬಳ್ಳಾರಿ, ರಾಯಚೂರು ₹70, ಬೆಂಗಳೂರು ₹75, ದೆಹಲಿ ₹85. ಬೇರೆ ಊರಿನವರು ಪಿನ್‌ಕೋಡ್ ಕೊಟ್ಟು ಕೇಳಿ. ಪ್ಯಾಕಿಂಗ್ ₹10. ಎಷ್ಟು ಲಾಟ್ ಗೆದ್ದರೂ ಒಂದೇ ಲಕೋಟೆ, ಒಂದೇ ಪ್ಯಾಕಿಂಗ್, ಒಟ್ಟು ತೂಕದ ಟಪಾಲು. ಕೊಪ್ಪಳದವರು ಕೈಯಿಂದ ಒಯ್ಯಬಹುದು.’ ತಕ್ಕಡಿಯ ಮೇಲಿಟ್ಟ ಲಕೋಟೆಯ ಫೋಟೊ ಜೊತೆಗೆ. ಪೈಸೆ ಲೆಕ್ಕ ಮೇಲಿನ ರೂಪಾಯಿಗೆ ಹಿಡಿದಿರುತ್ತೇನೆ, ಅಷ್ಟೇ.

ಇಷ್ಟುದ್ದ ಯಾರು ಓದುತ್ತಾರೆ ಅಂದವರಿದ್ದಾರೆ. ನಮ್ಮಪ್ಪ ಗಂಗಾವತಿ ಮಾರುಕಟ್ಟೆಗೆ ಭತ್ತ ಒಯ್ದಾಗ ದಲಾಲಿ ಅಂಗಡಿಯಲ್ಲಿ ಪಟ್ಟಿ ಕೊಡುತ್ತಿದ್ದರು. ತೂಕ, ಹಮಾಲಿ, ಎಲ್ಲಾ ಸಾಲಾಗಿ ಬರೆದಿರುತ್ತಿತ್ತು. ಅಪ್ಪ ಅದನ್ನು ಬಸ್ಸಿನಲ್ಲಿ ಕೂತು ಎರಡೆರಡು ಸಲ ಓದುತ್ತಿದ್ದರು. ದುಡ್ಡು ಕೊಡುವವರು ಓದೇ ಓದುತ್ತಾರೆ.

ಕಾನೂನೂ ಇದನ್ನೇ ಹೇಳುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಮೊತ್ತದಲ್ಲಿ ತೋರಿಸಬೇಕು. ಟಪಾಲು, ಪ್ಯಾಕಿಂಗ್‌ನಂಥ ಖರ್ಚು, ತೆರಿಗೆ ಬಿಡಿಸಿ ಹೇಳಬೇಕು. ಮೊದಲು ಕಡಿಮೆ ತೋರಿಸಿ ಕೊನೆಗೆ ಒಂದೊಂದೇ ಖರ್ಚು ಸೇರಿಸುವುದನ್ನು 2023ರ ಮಾರ್ಗಸೂಚಿಯಲ್ಲಿ ಮೋಸದ ವಿನ್ಯಾಸಗಳ ಪಟ್ಟಿಗೆ ಹಾಕಿದ್ದಾರೆ. ವ್ಯಾಪಾರ ಮಾಡುವವರ ಮೇಲೆ ದೂರಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಮನೆಯ ಹಳೆ ಸಾಮಾನನ್ನು ಯಾವಾಗಲೋ ಒಮ್ಮೆ ಮಾರುವ ವ್ಯಕ್ತಿಗೆ ಇ-ಕಾಮರ್ಸ್ ನಿಯಮ ಅನ್ವಯಿಸುವುದಿಲ್ಲ. ಅಂಥವರ ಹತ್ತಿರ ಕೊಳ್ಳುವಾಗ ಬಿಡ್ ಹಾಕುವ ಮೊದಲೇ ನಿಮ್ಮ ಪಿನ್‌ಕೋಡ್ ಬರೆದು ‘ಇಲ್ಲಿಗೆ ಎಷ್ಟು?’ ಎಂದು ಗುಂಪಿನಲ್ಲೇ ಕೇಳಿ. ಉತ್ತರ ಬರದಿದ್ದರೆ ಕೂಗಬೇಡಿ.

ನಾಲ್ಕನೆಯ ಪದ್ಧತಿಯಲ್ಲಿ ಬಿಡ್ ಸ್ವಲ್ಪ ಕಡಿಮೆ ಬರುತ್ತದೆ, ನಿಜ. ಕಳೆದ ವಾರ ಸಿಂಧನೂರಿನವರು ಲೇಬಲ್ಲುಗಳ ಲಾಟಿಗೆ ಕೂಗುತ್ತಿದ್ದರು. “ಟಪಾಲು ಎಪ್ಪತ್ತು, ಪ್ಯಾಕಿಂಗ್ ಹತ್ತು ಆದ್ರ, ನೂರಾ ಎಪ್ಪತ್ತಕ್ಕ ನಿಂತೆ ನೋಡ್ರಿ” ಎಂದು ಬರೆದರು. ಅವರ ಲೆಕ್ಕ ಒಟ್ಟು ಇನ್ನೂರೈವತ್ತು ಇತ್ತು. ಅಷ್ಟಕ್ಕೇ ಮುಗಿಯಿತು. ಅದೇ ರಾತ್ರಿ ಇನ್ನೂರೈವತ್ತು ಬಂತು, ಮರುದಿನ ಲಕೋಟೆ ಹೋಯಿತು.

ಗೊಂಬೆಗಳ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಎರಡು ಗೊಂಬೆ ಕಪಾಟಿನಲ್ಲಿವೆ. ಗೊಂಬೆಗೂ ಪೆಟ್ಟಾಗಬಾರದು, ಟೇಪಿನ ಲೆಕ್ಕವೂ ಏರಬಾರದು, ಅಂಥ ಡಬ್ಬ ಹುಡುಕುತ್ತಿದ್ದೇನೆ. ಡಬ್ಬ ಸಿಕ್ಕು, ಅದರ ಅಳತೆ ಬರೆಯುವವರೆಗೆ ಅವನ್ನು ಹರಾಜಿಗೆ ಹಾಕುವುದಿಲ್ಲ.