ಬೋಧಗಯೆಯಲ್ಲಿ ಕನ್ನಡದಲ್ಲಿ ಮಾತನಾಡಿಸಿ ‘ಶಾಲೆ’ಗೆ ಕರೆದೊಯ್ಯುವವರ ಬಗ್ಗೆ ಎಚ್ಚರವಿರಲಿ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಕಾಶಿ, ಗಯಾ ಯಾತ್ರೆಗೆ ಹೊರಡುವವರಲ್ಲಿ ಅನೇಕರು ಗಯೆಯ ಪಿಂಡಪ್ರದಾನ ಮುಗಿಸಿದ ಮರುದಿನ ಬೋಧಗಯೆಯ ಮಹಾಬೋಧಿ ದೇವಾಲಯವನ್ನೂ ನೋಡಿಕೊಂಡೇ ಊರಿಗೆ ಮರಳುತ್ತಾರೆ. ಕಳೆದ ಫೆಬ್ರವರಿಯಲ್ಲಿ ನಾನು, ನನ್ನ ಪತ್ನಿ, ಅಕ್ಕ ಮತ್ತು ಭಾವ ಹಾಗೆಯೇ ಹೋಗಿದ್ದೆವು. ಅಲ್ಲಿ ನಾವು 11,500 ರೂಪಾಯಿ ಕಳೆದುಕೊಂಡೆವು. ಮೊತ್ತ ತೀರಾ ದೊಡ್ಡದೇನಲ್ಲ. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತೊಂದು ವರ್ಷ ಹಾಜರಿ ಕರೆದ ನಾನು, ಶಾಲೆಯೊಂದನ್ನು ತೋರಿಸಿದವರಿಂದಲೇ ಮೋಸಹೋದೆ ಎಂದು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗಿ ಇಷ್ಟು ದಿನ ಸುಮ್ಮನಿದ್ದೆ. ಈ ಸಲದ ಪಿತೃಪಕ್ಷಕ್ಕೆ ಗಯೆಗೆ ಹೋಗಲು ನಮ್ಮ ನೆರೆಕರೆಯವರೇ ಟಿಕೆಟ್ ಮಾಡಿಸುತ್ತಿದ್ದಾರೆಂದು ತಿಳಿದ ಮೇಲೆ ಬರೆಯದೆ ಇರುವುದು ಸರಿಯಲ್ಲವೆನಿಸಿತು.

ಗಯೆಯಿಂದ ಬೋಧಗಯೆಗೆ ಸುಮಾರು 15 ಕಿಲೋಮೀಟರ್. ಬೆಳಿಗ್ಗೆ ಎಂಟರ ಹೊತ್ತಿಗೆ ಆಟೋದಲ್ಲಿ ತಲುಪಿದೆವು. ದೇವಾಲಯದ ಪ್ರವೇಶಕ್ಕೆ ಶುಲ್ಕವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 2013ರ ಜುಲೈ 7ರಂದು ಅಲ್ಲಿ ಸರಣಿ ಬಾಂಬ್ ಸ್ಫೋಟ ನಡೆದಿತ್ತು. ಈಗ ತಪಾಸಣೆ ಬಿಗಿಯಾಗಿದೆ, ಮೊಬೈಲ್ ಫೋನನ್ನು ಒಳಗೆ ಬಿಡುವುದಿಲ್ಲ. ಎಲ್ಲಿ ಒಪ್ಪಿಸಬೇಕೆಂದು ನಾವು ನಾಲ್ವರು ನಮ್ಮ ನಮ್ಮೊಳಗೆ ಮಾತನಾಡಿಕೊಳ್ಳುತ್ತಿದ್ದಾಗ, ಕೊರಳಿಗೆ ಗುರುತುಪಟ್ಟಿ ಹಾಕಿಕೊಂಡಿದ್ದ ಇಪ್ಪತ್ತೈದರ ಆಸುಪಾಸಿನ ಯುವಕನೊಬ್ಬ ಹತ್ತಿರ ಬಂದು, “ನಮಸ್ಕಾರ ಅಮ್ಮ, ಚೆನ್ನಾಗಿದ್ದೀರಾ? ಕೌಂಟರ್ ಆ ಕಡೆ ಇದೆ, ಬನ್ನಿ” ಎಂದ. ಬೆಂಗಳೂರಿನಲ್ಲಿ ಎರಡು ವರ್ಷ ಹೋಟೆಲ್ ಕೆಲಸ ಮಾಡಿದ್ದನಂತೆ.

ನಮ್ಮ ಕಡೆಯವರಿಗೆ ಇದರ ಪರಿಣಾಮ ಏನೆಂದು ವಿವರಿಸಬೇಕಾಗಿಲ್ಲ. ಆಧಾರ್ ಕಾರ್ಡಿನಲ್ಲಿ ಕೇರಳವೆಂದು ಇರುವುದರಿಂದ ಕಾಶಿಯ ವಸತಿಗೃಹದಿಂದ ಹಿಡಿದು ಗಯೆಯ ಪುರೋಹಿತರಾದ ಪಂಡರವರೆಗೆ ಎಲ್ಲರೂ ನಮ್ಮನ್ನು ಮಲಯಾಳಿಗಳೆಂದೇ ತಿಳಿದಿದ್ದರು. ಅಲ್ಲವೆಂದು ಹೇಳಿ ಹೇಳಿ ಭಾವನಿಗೆ ಸಾಕಾಗಿತ್ತು. ಅಂಥ ಹೊತ್ತಿನಲ್ಲಿ, ಅಷ್ಟು ದೂರದ ಊರಿನಲ್ಲಿ, ಕೇಳದೆಯೇ ಒಬ್ಬ ಕನ್ನಡದಲ್ಲಿ ಮಾತನಾಡಿಸಿದರೆ ಅವನ ಕುಲಗೋತ್ರ ವಿಚಾರಿಸುವ ಬುದ್ಧಿ ಯಾರಿಗಿರುತ್ತದೆ? ಗುರುತುಪಟ್ಟಿಯಲ್ಲಿ ಏನು ಬರೆದಿದೆಯೆಂದು ನಾವು ಓದಲಿಲ್ಲ. ಓದಬೇಕಿತ್ತು. ಫೋನು ಕೈಯಲ್ಲಿಲ್ಲದ ಆ ಮೂರು ಗಂಟೆಗಳಲ್ಲಿ ಯಾವುದನ್ನೂ ಬೇರೆ ಕಡೆ ವಿಚಾರಿಸಿ ನೋಡುವಂತೆಯೂ ಇರಲಿಲ್ಲ.

ಒಳಗೆ ಅವನು ತೋರಿಸಿದ್ದೆಲ್ಲ ಸರಿಯಾಗಿಯೇ ಇತ್ತು. ಗರ್ಭಗುಡಿಯ ಭೂಮಿಸ್ಪರ್ಶ ಮುದ್ರೆಯ ಬುದ್ಧ, ಗುಡಿಯ ಹಿಂಬದಿಯಲ್ಲಿ ಬೋಧಿವೃಕ್ಷದ ಬುಡದ ವಜ್ರಾಸನ, ಬುದ್ಧ ನಡೆದಾಡಿದನೆನ್ನುವ ಕಡೆ ಸಾಲಾಗಿ ಕೆತ್ತಿದ ಕಲ್ಲಿನ ತಾವರೆಗಳು, ಇವೆಲ್ಲವನ್ನೂ ಅವಸರವಿಲ್ಲದೆ ತೋರಿಸಿದ. ಹಳೆಯ ಮರ 1876ರಲ್ಲಿ ಉರುಳಿತೆಂದೂ ಈಗಿನದು ಅದರ ಸಂತತಿಯೆಂದೂ ಹೇಳಿದ. ಉದುರಿದ್ದ ಎಲೆಯೊಂದನ್ನು ಆಯ್ದು ನನ್ನ ಪತ್ನಿಗೆ ಕೊಟ್ಟ. ಹೊರಗೆ ಬಂದ ಮೇಲೆ ನಾನು 500 ರೂಪಾಯಿ ಚಾಚಿದಾಗ ಕೈಮುಗಿದು, “ಮೇಷ್ಟ್ರ ಹತ್ತಿರ ದುಡ್ಡು ತೆಗೆದುಕೊಳ್ಳುವುದಿಲ್ಲ” ಎಂದ. ನಾವು ಸಿಕ್ಕಿಬಿದ್ದದ್ದು ಆ ಕ್ಷಣದಲ್ಲಿ. 500 ರೂಪಾಯಿ ತೆಗೆದುಕೊಂಡಿದ್ದರೆ ಲೆಕ್ಕ ಅಲ್ಲಿಗೆ ಚುಕ್ತಾ ಆಗುತ್ತಿತ್ತು. ಬೇಡವೆಂದದ್ದರಿಂದ ನಾವು ಋಣದಲ್ಲಿ ಉಳಿದೆವು.

ಆ ಋಣ ತೀರಿಸುವ ದಾರಿಯನ್ನೂ ಅವನೇ ತೋರಿಸಿದ. ನದಿಯ ಆಚೆ ಬುದ್ಧನಿಗೆ ಪಾಯಸ ಕೊಟ್ಟ ಸುಜಾತೆಯ ಹಳ್ಳಿ ಇದೆ, ಅಲ್ಲಿ ತಾನೂ ಗೆಳೆಯರೂ ಅನಾಥ ಮಕ್ಕಳಿಗೆ ಶಾಲೆ ನಡೆಸುತ್ತಿದ್ದೇವೆ, ಮೇಷ್ಟ್ರು ಹತ್ತು ನಿಮಿಷ ಬಂದು ಆಶೀರ್ವಾದ ಮಾಡಿದರೆ ಸಾಕು ಎಂದ. ಆಟೋ ಸಿದ್ಧವಾಗಿಯೇ ನಿಂತಿತ್ತು. ಸೇತುವೆಯ ಕೆಳಗೆ ಫಲ್ಗು ನದಿ, ಬೌದ್ಧರು ನಿರಂಜನಾ ಎನ್ನುವ ಅದೇ ನದಿ, ಬರೀ ಮರಳಾಗಿ ಹರಡಿಕೊಂಡಿತ್ತು.

ಶಾಲೆಯೆಂದರೆ ಎರಡು ಕೋಣೆಗಳು ಮತ್ತು ನೆಲದ ಮೇಲೆ ಸಾಲಾಗಿ ಕುಳಿತ ಇಪ್ಪತ್ತು ಇಪ್ಪತ್ತೆರಡು ಮಕ್ಕಳು. ನಮ್ಮನ್ನು ಕಂಡೊಡನೆ ಎದ್ದು ಪ್ರಾರ್ಥನೆ ಹಾಡಿದವು. ಅಭ್ಯಾಸಬಲದಿಂದ ನಾನು ಹಾಜರಿ ಪುಸ್ತಕ ತೆರೆದು ನೋಡಿದೆ. ತಿಂಗಳು ಪೂರ್ತಿ, ಒಂದೇ ಶಾಯಿಯಲ್ಲಿ, ಎಲ್ಲ ಮಕ್ಕಳೂ ಎಲ್ಲ ದಿನವೂ ಹಾಜರು. ಜ್ವರ, ಮದುವೆ, ಅಜ್ಜಿಮನೆ ಯಾವುದೂ ಇಲ್ಲದ ಅಂಥ ಪುಟವನ್ನು ನನ್ನ ವೃತ್ತಿಯುದ್ದಕ್ಕೂ ನಾನು ಕಂಡಿಲ್ಲ. ಕರಿಹಲಗೆಯ ಕೆಳಗಿನ ಪಟ್ಟಿಯಲ್ಲಿ ಚಾಕ್‌ಪುಡಿಯ ಕುರುಹೂ ಇರಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಮನಸ್ಸು ಒಪ್ಪಲಿಲ್ಲ, ಅಥವಾ ಒಪ್ಪುವುದಕ್ಕೆ ನಾನು ಬಿಡಲಿಲ್ಲ. ಮಕ್ಕಳ ಸಂಖ್ಯೆ ಸಾಲದೆ ಯಾವ ವರ್ಷ ತರಗತಿ ರದ್ದಾಗುತ್ತದೋ ಎಂದು ಪ್ರತಿ ಜೂನ್‌ನಲ್ಲಿ ಮನೆ ಮನೆ ತಿರುಗಿದವನಿಗೆ, ತುಂಬಿದ ತರಗತಿಯನ್ನು ಸಂಶಯಿಸುವುದು ಕಷ್ಟ.

ಆಮೇಲೆ ದಾನಿಗಳ ಪುಸ್ತಕ ಬಂತು. ವಿದೇಶಿ ಹೆಸರುಗಳ ಎದುರು 20,000, 50,000 ಎಂಬ ಅಂಕಿಗಳು. “ಒಂದು ತಿಂಗಳ ಅಕ್ಕಿಗೆ 11,500 ಆಗುತ್ತದೆ, ನಿಮ್ಮ ತಂದೆ ತಾಯಿಯ ಹೆಸರಿನಲ್ಲಿ ಬರೆಯುತ್ತೇವೆ” ಎಂದರು. ಹಿಂದಿನ ದಿನವಷ್ಟೇ ತಂದೆ ತಾಯಿಗೆ ಪಿಂಡವಿಟ್ಟು ಬಂದವರಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. “ಕೊಡು ತಮ್ಮ, ಪುಣ್ಯದ ಕೆಲಸ” ಎಂದಳು ಅಕ್ಕ. 5,000 ನಗದು ಕೊಟ್ಟು, ಉಳಿದ 6,500ನ್ನು ಫೋನಿನಿಂದ ಕಳುಹಿಸಿದೆ. ಪರದೆಯ ಮೇಲೆ ಬಂದದ್ದು ಸಂಸ್ಥೆಯ ಹೆಸರಲ್ಲ, ಯಾರೋ ವ್ಯಕ್ತಿಯ ಹೆಸರು. ಅದನ್ನೂ ನೋಡಿದೆ, ಒತ್ತಿದೆ.

ಆ ರಾತ್ರಿ ವಸತಿಗೃಹದ ಊಟದ ಕೋಣೆಯಲ್ಲಿ ಕೊಯಮತ್ತೂರಿನ ದಂಪತಿಗಳೊಡನೆ ಮಾತಾಗುತ್ತಾ ಅವರು ತಮ್ಮ ರಸೀದಿ ತೆಗೆದರು. ಅದೇ ಶಾಲೆ, ಅದೇ ಮುದ್ರೆ, ಹಿಂದಿನ ದಿನದ ತಾರೀಕು. ಸಂಖ್ಯೆ 117. ನಮ್ಮದೂ 117. ಅವರನ್ನು ತಮಿಳಿನಲ್ಲಿ ಮಾತನಾಡಿಸಿದ್ದರಂತೆ. ಮರುದಿನ ಬೆಳಿಗ್ಗೆ ಭಾವನೂ ನಾನೂ ಪುನಃ ಹೋದಾಗ, ಗುರುವಾರವಾಗಿದ್ದರೂ ಬೀಗ ಹಾಕಿತ್ತು. ಎದುರಿನ ಚಹಾ ಅಂಗಡಿಯವನು, ಮಕ್ಕಳೆಲ್ಲ ಆ ಹಳ್ಳಿಯವೇ, ತಂದೆ ತಾಯಿ ಇರುವವೇ, ಪ್ರವಾಸಿಗರ ಗಾಡಿ ಬರುವ ಸುದ್ದಿ ಸಿಕ್ಕಿದಾಗ ಬಿಸ್ಕತ್ತಿನ ಆಸೆಗೆ ಬಂದು ಕೂರುತ್ತವೆ ಎಂದ. ಯುವಕನಿಗೆ ಫೋನು ಮಾಡಿದೆ. ಮೊದಲು “ಹೇಳಿ ಮೇಷ್ಟ್ರೇ” ಎಂದವನು, ರಸೀದಿಯ ಸಂಖ್ಯೆ ಎತ್ತಿದೊಡನೆ ಹಿಂದಿಗೆ ತಿರುಗಿದ; ಕನ್ನಡವೇ ಗೊತ್ತಿಲ್ಲದವನ ಹಾಗೆ ಏನೇನೋ ಹೇಳಿ ಇಟ್ಟುಬಿಟ್ಟ. ಬ್ಯಾಂಕಿನವರು, ನೀವೇ ಒಪ್ಪಿ ಕಳುಹಿಸಿದ ಹಣ ಎಂದರು. ಅದು ನಿಜ.

ಬೋಧಗಯೆಯಲ್ಲಿ ಪ್ರಾಮಾಣಿಕವಾಗಿ ಮಕ್ಕಳಿಗೆ ಓದಿಸುವ ಸಂಸ್ಥೆಗಳೇ ಇಲ್ಲವೆಂದು ನನ್ನ ಮಾತಿನ ಅರ್ಥವಲ್ಲ. ಆದರೆ ಹಣ ಕೊಡುವ ಮುನ್ನ ನಾನು ಕೇಳಬೇಕಾಗಿದ್ದ, ಅದೂ ಮೇಷ್ಟ್ರಾಗಿ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯಿತ್ತು: ದೇಶದ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಗೂ, ಸರಕಾರಿಯಾಗಲಿ ಖಾಸಗಿಯಾಗಲಿ, 11 ಅಂಕಿಗಳ ಯು-ಡೈಸ್ ಸಂಖ್ಯೆ ಇರುತ್ತದೆ, ನಿಮ್ಮದು ಯಾವುದು? ಟ್ರಸ್ಟ್ ಎನ್ನುವವರಾದರೆ ರಸೀದಿಯಲ್ಲಿ ಅದರ ಪ್ಯಾನ್ ಸಂಖ್ಯೆ ಇದೆಯೇ, ಬ್ಯಾಂಕ್ ಖಾತೆ ಟ್ರಸ್ಟಿನ ಹೆಸರಿನಲ್ಲಿದೆಯೇ ಎಂದು ನೋಡಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ದೊಡ್ಡ ಮೊತ್ತವನ್ನು ನಗದಾಗಿಯೇ ಕೊಡಿ ಎಂದು ಒತ್ತಾಯಿಸುವವರನ್ನು ಅಲ್ಲಿಯೇ ಬಿಟ್ಟುಬಿಡಿ. ಕೊಡುವ ಮನಸ್ಸಿದ್ದರೆ ಊರಿಗೆ ಬಂದು ವಿಚಾರಿಸಿ ಕಳುಹಿಸಬಹುದು. ನಿಜವಾದ ಶಾಲೆ ಒಂದು ವಾರ ಕಾಯುತ್ತದೆ.

ಗಯೆಯಲ್ಲಿ ಪ್ರಿಯವಾದ ಹಣ್ಣು, ತರಕಾರಿಯೊಂದನ್ನು ಬಿಟ್ಟು ಬರುವ ಪದ್ಧತಿಯಂತೆ ನಾನು ತೊಂಡೆಕಾಯಿ ಬಿಟ್ಟಿದ್ದೆ. ಜೊತೆಗೆ 11,500 ರೂಪಾಯಿಯನ್ನೂ ಬಿಟ್ಟೆನೆಂದು ಭಾವ ಈಗಲೂ ಹಾಸ್ಯ ಮಾಡುತ್ತಾರೆ. ಇಷ್ಟೆಲ್ಲ ಆಗಿಯೂ, ಯಾವುದರ ಹೆಸರು ಹೇಳಿ ನದಿ ದಾಟಿಸಿದ್ದರೋ ಆ ಸುಜಾತೆಯ ಸ್ತೂಪವನ್ನು ನಾವು ನಾಲ್ವರೂ ನೋಡಲಿಲ್ಲ. ಅದು ಆ ಹಳ್ಳಿಯಲ್ಲಿಯೇ ಇದೆ. ಹೋಗುವವರು ತಾವೇ ಆಟೋ ಗೊತ್ತುಮಾಡಿಕೊಂಡು ನೋಡಿ ಬನ್ನಿ.