ಮನೆ ಸಾಮಾನಿಗೆಲ್ಲ ಕ್ಯೂಆರ್ ಸ್ಟಿಕ್ಕರ್ ಅಂಟಿಸಿ ಎಂಟು ತಿಂಗಳಾಯ್ತು: ಕಿಟ್ ಮತ್ತು ಆ್ಯಪ್ ಹೇಗಿದೆ ಅಂದ್ರೆ...

ಅಲೆನ್ ಕೀ ಗೊತ್ತಲ್ಲ, ಮೇಜು ಕುರ್ಚಿ ಬಿಡಿಬಿಡಿಯಾಗಿ ಬಂದಾಗ ಜೊತೆಗೇ ಒಂದು ಸಣ್ಣ ಕವರಲ್ಲಿ ಬರುತ್ತಲ್ಲ, ಬಗ್ಗಿದ ಆರು ಮೂಲೆ ಕಡ್ಡಿ. ನಮ್ಮನೇಲಿ ಅಂಥವು ಕಡಿಮೆ ಅಂದ್ರೂ ಎಂಟೊಂಬತ್ತು ಇವೆ, ಬೇಕು ಅಂದಾಗ ಒಂದೂ ಸಿಗಲ್ಲ. ಒಂದಿನ ಕುರ್ಚಿ ಕಾಲು ಅಲ್ಲಾಡ್ತಾ ಇದೆ ಅಂತ ಎರಡು ಗಂಟೆ ಹುಡುಕಿ, ಸಿಗದೆ, ಹೊಸ ಸೆಟ್ ತಂದು ಕಾಲು ಬಿಗಿ ಮಾಡಿ, ಆ ಹೊಸ ಸೆಟ್ ಇಡೋಕೆ ಅಂತ ಡ್ರಾಯರ್ ಎಳೆದ್ರೆ ಒಳಗೆ ಹಳೇವು ನಾಲ್ಕು ಆರಾಮಾಗಿ ಮಲಗಿದ್ವು. ಅವತ್ತು ರಾತ್ರೀನೇ ತಲೆ ಕೆಟ್ಟು ಈ ಸ್ಟಿಕ್ಕರ್ ಕಿಟ್ ಆರ್ಡರ್ ಮಾಡಿದ್ದು.

ಕಂಪನಿ ಹೆಸರು ಹೇಳಲ್ಲ, ಮುಂದೆ ಬೈಯೋದಿದೆ. ಹೆಸರು ಬೇಕಾಗೂ ಇಲ್ಲ ಬಿಡಿ, ಈ ಜಾತಿ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಒಂದಷ್ಟು ಕ್ಯೂಆರ್ ಕೋಡ್ ಸ್ಟಿಕ್ಕರು, ಪ್ರತಿ ಒಂದರಲ್ಲೂ ಬೇರೆ ಬೇರೆ ಕೋಡು, ಕೆಳಗೆ ಸಣ್ಣದಾಗಿ ಒಂದು ನಂಬರು, ಜೊತೆಗೆ ಗುಂಡಗಿರೋ ಎನ್‌ಎಫ್‌ಸಿ ಬಿಲ್ಲೆ (ಫೋನ್ ತಾಗಿಸಿದ್ರೆ ಓದೋ ಥರದ್ದು) ಹತ್ತು, ಮತ್ತೆ ಒಂದು ಆ್ಯಪ್. ಸ್ಟಿಕ್ಕರ್ ಅಂಟಿಸೋದು, ಫೋನಲ್ಲಿ ಸ್ಕ್ಯಾನ್ ಮಾಡೋದು, ಫೋಟೋ ತೆಗ್ದು ಹೆಸರು ಟೈಪ್ ಮಾಡೋದು, ಆಮೇಲೆ ಬೇಕಾದಾಗ ಸರ್ಚ್ ಮಾಡಿದ್ರೆ ವಸ್ತು ಎಲ್ಲಿದೆ, ಯಾವಾಗ ತಂದಿದ್ದು, ಬಿಲ್ ಎಲ್ಲಿ, ಎಲ್ಲ ಬರುತ್ತೆ. ಬರುತ್ತೆ ಅಂತ ಡಬ್ಬಿ ಮೇಲೆ ಬರೆದಿದ್ರು.

ಮೊದಲನೇ ವಾರ ನಾನು ಮಾಡಿದ ದಡ್ಡತನ ಹೇಳ್ಬಿಡ್ತೀನಿ, ನೀವೂ ಅದನ್ನೇ ಮಾಡ್ತೀರ. ಕೈಗೆ ಸಿಕ್ಕಿದ್ದಕ್ಕೆಲ್ಲ ಅಂಟಿಸಿದೆ. ಕತ್ತರಿ, ಸ್ಟೇಪ್ಲರ್, ಟಾರ್ಚು, ಟೇಪಿನ ಸುರುಳಿ. ಆಮೇಲೆ ಒಂದಿನ ಕತ್ತರಿ ಕಳೆದುಹೋದಾಗ ಬುದ್ಧಿ ಬಂತು: ಸ್ಟಿಕ್ಕರು ಕತ್ತರಿ ಮೇಲಿದೆ, ಸ್ಕ್ಯಾನ್ ಮಾಡ್ಬೇಕಂದ್ರೆ ಮೊದಲು ಕತ್ತರಿ ಸಿಗಬೇಕಲ್ಲ ಮಾರಾಯ್ರೆ! ಕೈಯಲ್ಲಿರೋ ಕತ್ತರೀನ ಸ್ಕ್ಯಾನ್ ಮಾಡಿದ್ರೆ ಇದು ಕತ್ತರಿ ಅಂತ ಹೇಳುತ್ತೆ, ಅದು ನಂಗೂ ಗೊತ್ತು. ಈ ಸ್ಟಿಕ್ಕರಿಗೆ ಕಾಲಿಲ್ಲ, ಬ್ಯಾಟರಿ ಇಲ್ಲ, ಇಲ್ಲಿದ್ದೀನಿ ಅಂತ ಕೂಗಲ್ಲ. ಕೂಗೋದು ಬೇಕಂದ್ರೆ 2021ರಲ್ಲಿ ಬಂದ ಆ್ಯಪಲ್ ಕಂಪನಿಯ ಏರ್‌ಟ್ಯಾಗ್ ಥರದ್ದು ತಗೋಬೇಕು, ಅದ್ರಲ್ಲಿ ಬ್ಲೂಟೂತ್ ಇದೆ, ಒಳಗೆ ಬಟನ್ ಸೆಲ್ ಇದೆ, ಅದರ ಕೆಲಸಾನೇ ಬೇರೆ. ಈ ಕಿಟ್ ತಗೊಂಡು ಅದನ್ನ ನಿರೀಕ್ಷೆ ಮಾಡಿ ಒಂದು ಸ್ಟಾರ್ ಕೊಟ್ಟಿರೋರು ಬಹಳ ಜನ ಇದ್ದಾರೆ, ಅದು ಕಿಟ್ ತಪ್ಪಲ್ಲ.

ಹಾಗಾದ್ರೆ ಎಲ್ಲಿ ಅಂಟಿಸ್ಬೇಕು? ಜಾಗಕ್ಕೆ. ಪೆಟ್ಟಿಗೆಗೆ, ಡ್ರಾಯರಿಗೆ, ಅಟ್ಟದ ಮೇಲಿನ ಡಬ್ಬಕ್ಕೆ. ಎಲ್ಲಾ ಕಿತ್ತು ಹಾಕಿ ಎರಡನೇ ವಾರ ಪೆಟ್ಟಿಗೆಗಳಿಗೆ ಮಾತ್ರ ಅಂಟಿಸ್ದೆ, ಒಳಗಿರೋದನ್ನ ಹರಡಿ ಒಂದೇ ಒಂದು ಫೋಟೋ, ಕೆಳಗೆ ಐದಾರು ಪದ. ಅಲ್ಲಿಂದ ಶುರುವಾಯ್ತು ನೋಡಿ ಉಪಯೋಗ. ವಸ್ತುವಿನ ಮೈಮೇಲೇ ಸ್ಟಿಕ್ಕರ್ ಇರಬೇಕಾಗಿರೋದು ಕಳೆದುಹೋಗದೆ ಇದ್ದಲ್ಲೇ ಇರೋ ದೊಡ್ಡ ಸಾಮಾನಿಗೆ ಮಾತ್ರ, ಅಂದ್ರೆ ಪ್ರಿಂಟರ್, ವಾಷಿಂಗ್ ಮಷೀನು, ವೈಫೈ ರೂಟರ್ ಇಂಥವಕ್ಕೆ. ನಮ್ಮ ಪ್ರಿಂಟರಿನ ಮಾಡೆಲ್ ನಂಬರು ಅದರ ಹೊಟ್ಟೆ ಕೆಳಗಿದೆ, ಪ್ರತಿ ಸಲ ಇಂಕ್ ಆರ್ಡರ್ ಮಾಡೋವಾಗ ಅದನ್ನ ಮಗುಚಿ ಬಗ್ಗಿ ಫೋನಿನ ಲೈಟ್ ಹಿಡಿದು ಓದೋದು ಒಂದು ವ್ಯಾಯಾಮ. ಈಗ ಮುಂದಿರೋ ಸ್ಟಿಕ್ಕರ್ ಸ್ಕ್ಯಾನ್ ಮಾಡಿದ್ರೆ ಮಾಡೆಲ್ ನಂಬರು, ಯಾವ ಇಂಕು, ಮ್ಯಾನ್ಯುಯಲ್ಲಿನ ಪಿಡಿಎಫ್ಫು, ಕಳೆದ ಸಲ ಪೇಪರ್ ಸಿಕ್ಕಾಕೊಂಡಾಗ ಯಾವ ಮುಚ್ಚಳ ತೆಗ್ದೆ ಅನ್ನೋ ನನ್ನದೇ ನೋಟು, ಎಲ್ಲ ಒಂದೇ ಕಡೆ. ಇದಕ್ಕೊಂದಕ್ಕೇ ದುಡ್ಡು ವಸೂಲಿ ಅಂತೀನಿ.

ಕೆಲವರು ಕೇಳಿದ್ರು, ವಸ್ತು ಮೇಲೆ ಆಗ್ಲೇ ಬಾರ್‌ಕೋಡ್ ಇರುತ್ತಲ್ಲ, ಅದನ್ನೇ ಸ್ಕ್ಯಾನ್ ಮಾಡಿದ್ರೆ ಸಾಲ್ದಾ ಅಂತ. ಸಾಲಲ್ಲ. ಅಂಗಡಿ ಬಾರ್‌ಕೋಡ್ ಹೇಳೋದು ಇದು ಯಾವ ಬಗೆ ಸಾಮಾನು ಅಂತ ಮಾತ್ರ, ಇದು ನಿಮ್ಮದಾ ಪಕ್ಕದ ಮನೆಯವರದ್ದಾ ಅಂತ ಅಲ್ಲ. ಒಂದೇ ಮಾಡೆಲ್ಲಿನ ಎರಡು ಡ್ರಿಲ್ ಇದ್ರೆ ಎರಡರದ್ದೂ ಅದೇ ಹದಿಮೂರು ಅಂಕಿ. ಒಂದರ ವಾರಂಟಿ ಮುಗ್ದಿದೆ, ಇನ್ನೊಂದರದ್ದು ಇದೆ, ಇದನ್ನ ಆ ಗೆರೆಗಳು ಹೇಳೋಕಾಗಲ್ಲ. ಅದಕ್ಕೇ ಪ್ರತಿ ವಸ್ತುಗೂ ಅದರದ್ದೇ ಬೇರೆ ನಂಬರ್ ಬೇಕಾಗೋದು.

ಪುಸ್ತಕಕ್ಕೆ ಮಾತ್ರ ಬಾರ್‌ಕೋಡ್ ಚೆನ್ನಾಗಿ ಕೆಲಸ ಮಾಡುತ್ತೆ, ಹಿಂದಿನ ರಟ್ಟಿನ ಮೇಲೆ 978 ಅಂತ ಶುರುವಾಗೋದು ಐಎಸ್‌ಬಿಎನ್, ಅಂದ್ರೆ ಪುಸ್ತಕದ ಗುರುತಿನ ನಂಬರು ತಾನೇ, ಸ್ಕ್ಯಾನ್ ಮಾಡಿದ ತಕ್ಷಣ ಹೆಸರು ಲೇಖಕರು ಮುಖಪುಟ ಎಲ್ಲ ಬಂತು, ಅದು ಇಂಗ್ಲಿಷ್ ಪುಸ್ತಕಕ್ಕೆ. ಕನ್ನಡ ಪುಸ್ತಕ ಹಿಡಿದ್ರೆ ಒಂದೋ ಏನೂ ಬರಲ್ಲ, ಇಲ್ಲಾ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ದೀರ್ಘ ಯಾವುದು ಹ್ರಸ್ವ ಯಾವುದು ಗೊತ್ತಾಗದ ಹಾಗೆ ಬರುತ್ತೆ. ಅಪ್ಪನ ಕಾಲದ ಪುಸ್ತಕಕ್ಕಂತೂ ಬಾರ್‌ಕೋಡೇ ಇಲ್ಲ. ಹಂಗಾಗಿ ಕೂತು ಟೈಪ್ ಮಾಡಿದೆ, ಒಂದು ಕಪಾಟು ಮುಗಿಸಿ ಸಾಕಪ್ಪಾ ಅಂತ ಬಿಟ್ಟೆ.

ಸ್ಟಿಕ್ಕರಿನ ಗುಣಮಟ್ಟಕ್ಕೆ ಪೂರ್ತಿ ಮಾರ್ಕು ಕೊಡ್ತೀನಿ. ಪಾಪು ಒಂದು ಸ್ಟಿಕ್ಕರ್ ಮೇಲೆ ನೀಲಿ ಸ್ಕೆಚ್ ಪೆನ್ನಲ್ಲಿ ಸೂರ್ಯ ಬರೆದಿತ್ತು, ಹೋಯ್ತು ಅನ್ಕೊಂಡೆ, ಆದ್ರೂ ಓದ್ತು. ಇದು ಕಂಪನಿ ಹೆಚ್ಚುಗಾರಿಕೆ ಅಲ್ಲ, ಕ್ಯೂಆರ್ ಕೋಡನ್ನ ಮಾಡಿರೋದೇ ಹಾಗೆ. 1994ರಲ್ಲಿ ಜಪಾನಿನ ಡೆನ್ಸೋ ಕಂಪನೀಲಿ ಮಸಾಹಿರೋ ಹಾರಾ ಅವರ ತಂಡ ಇದನ್ನ ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ, ಫ್ಯಾಕ್ಟರಿ ಅಂದ್ಮೇಲೆ ಎಣ್ಣೆ ಮಸಿ ಇದ್ದೇ ಇರುತ್ತಲ್ಲ, ಅದಕ್ಕೆ ಸ್ವಲ್ಪ ಅಳಿಸಿಹೋದ್ರೂ ಉಳಿದಿದ್ದರಿಂದ ಲೆಕ್ಕ ಹಾಕಿ ತುಂಬಿಕೊಳ್ಳೋ ಹಾಗೆ ಇಟ್ಟಿದ್ದಾರೆ. ನಾಲ್ಕು ಮಟ್ಟ ಇದೆ, ಅತೀ ಗಟ್ಟಿ ಮಟ್ಟದಲ್ಲಿ ಸುಮಾರು 30% ಹಾಳಾದ್ರೂ ಓದುತ್ತೆ. ಆದ್ರೆ ಮೂರು ಮೂಲೇಲಿರೋ ದೊಡ್ಡ ಚೌಕ ಇದೆಯಲ್ಲ, ಕೋಡು ಎಲ್ಲಿದೆ ಅಂತ ಕ್ಯಾಮೆರಾ ಗುರುತು ಹಿಡಿಯೋದು ಅದರಿಂದ. ಇನ್ನೊಂದು ಡಬ್ಬದ ಸ್ಟಿಕ್ಕರಿನ ಒಂದು ಮೂಲೆ ಉಜ್ಜಿ ಉಜ್ಜಿ ಹರಿದಿತ್ತು, ಅಷ್ಟೇ, ಮಿಕ್ಕಿದ್ದೆಲ್ಲ ಹೊಸದರ ಥರ ಇದ್ರೂ ನನ್ನ ಫೋನು ಎಷ್ಟು ಸರ್ಕಸ್ ಮಾಡಿದ್ರೂ ಓದಲಿಲ್ಲ. ಮೂಲೆ ಮೇಲೆ ಒಂದು ತುಂಡು ಸೆಲ್ಲೋಟೇಪ್ ಹಾಕಿಡಿ.

ಎನ್‌ಎಫ್‌ಸಿ ಬಿಲ್ಲೆ ಬಗ್ಗೆ ಅಷ್ಟು ಖುಷಿ ಇಲ್ಲ. ಫೋನ್ ತಾಗಿಸಿದ್ರೆ ಸಾಕು ಅನ್ನೋದು ಕೇಳೋಕೆ ಚೆನ್ನಾಗಿದೆ. ಮೊದಲನೇದನ್ನ ಕಬ್ಬಿಣದ ಬೀರುಗೆ ಅಂಟಿಸ್ದೆ, ಸತ್ತುಹೋದ ಹಾಗೆ ಸುಮ್ಮನಿತ್ತು. ಆ ಬಿಲ್ಲೇಲಿ ಬ್ಯಾಟರಿ ಇರಲ್ಲ, ಫೋನು ಹೊರಡಿಸೋ 13.56 ಮೆಗಾಹರ್ಟ್ಸ್ ಅಲೆಯಿಂದಲೇ ಅದಕ್ಕೆ ಕರೆಂಟು, ಹಿಂದೆ ಲೋಹ ಇದ್ರೆ ಆ ಶಕ್ತಿ ಬಿಲ್ಲೆಗೆ ಸಿಗೋಕೆ ಮುಂಚೆ ಲೋಹವೇ ಕೆಡಿಸಿಬಿಡುತ್ತೆ. ಲೋಹಕ್ಕೆ ಅಂಟಿಸೋಕೆ ಹಿಂದೆ ಲೋಹದ ಕಾಟ ತಡೆಯೋ ಫೆರೈಟ್ ಪದರ ಇರೋ ಬಿಲ್ಲೆ ಬೇರೇನೇ ಸಿಗುತ್ತೆ, ಕಿಟ್ಟಲ್ಲಿ ಅದಿಲ್ಲ, ಇಲ್ಲ ಅಂತ ಎಲ್ಲೂ ಹೇಳಿಲ್ಲ. ಮರದ ಕಪಾಟಿಗೆ ಹಾಕಿದ್ಮೇಲೆ ಸರಿಹೋಯ್ತು. ಇನ್ನೊಂದು, ಬಿಲ್ಲೆ ಒಳಗೇ ಎಲ್ಲ ಮಾಹಿತಿ ತುಂಬಬಹುದು ಅಂತ ಅನ್ಕೋಬೇಡಿ. ಸಾಮಾನ್ಯವಾಗಿ ಸಿಗೋ ಎನ್‌ಟ್ಯಾಗ್ 213 ಚಿಪ್ಪಲ್ಲಿ ಜಾಗ 144 ಬೈಟು, ಕನ್ನಡದ ಒಂದೊಂದು ಅಕ್ಷರದ ತುಣುಕಿಗೂ ಮೂರು ಬೈಟ್ ಬೇಕು, ಒತ್ತಕ್ಷರ ಕೊಂಬು ದೀರ್ಘ ಎಲ್ಲ ಸೇರಿಸಿದ್ರೆ ಒಂದು ಪುಟ್ಟ ವಾಕ್ಯಕ್ಕೇ ಮುಗೀತು. ಅದ್ರಲ್ಲಿರೋದು ಬರೀ ಒಂದು ಲಿಂಕು, ಮಿಕ್ಕಿದ್ದೆಲ್ಲ ಕಂಪನಿ ಸರ್ವರಲ್ಲಿ. ಆಮೇಲೆ ಬರೆದಾದ್ಮೇಲೆ ಲಾಕ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಫೋನಿರೋ ಯಾರು ಬೇಕಾದ್ರೂ ಅಳಿಸಿ ಬೇರೆ ಲಿಂಕ್ ಬರೀಬಹುದು.

ಈಗ ಬೈಯೋ ವಿಷಯ. ಸ್ಟಿಕ್ಕರಿನ ಕೋಡ್ ಒಳಗಿರೋದೂ ಬಿಲ್ಲೆ ಥರಾನೇ ಬರೀ ಕಂಪನಿ ವೆಬ್‌ಸೈಟಿನ ವಿಳಾಸ, ಆರನೇ ತಿಂಗಳು ಅವರು ಪ್ಲಾನ್ ಬದಲಾಯಿಸಿದ್ರು. ಒಂದಿನ ಬೆಳಿಗ್ಗೆ ಪ್ರಿಂಟರ್ ಸ್ಕ್ಯಾನ್ ಮಾಡ್ತೀನಿ, ಅಪ್‌ಗ್ರೇಡ್ ಮಾಡಿ ಅನ್ನೋ ಪುಟ ಬಂತು. ನಮ್ಮನೆ ಪ್ರಿಂಟರು, ನಾನೇ ಬರೆದ ನೋಟು, ಓದೋಕೆ ಅವರ ಪರ್ಮಿಷನ್! ಸಪೋರ್ಟಿಗೆ ಬರೆದ್ರೆ ಮೂರು ದಿನ ಬಿಟ್ಟು ಒಂದು ರೆಡಿಮೇಡ್ ಉತ್ತರ. ಹಳೇ ಗ್ರಾಹಕರಿಗೆ ಆಮೇಲೆ ಬಿಟ್ಟುಕೊಟ್ರು ಅನ್ನಿ, ಆದ್ರೆ ಆ ಮೂರು ದಿನ ಮನೇಲಿರೋ ಸ್ಟಿಕ್ಕರೆಲ್ಲ ಬರೀ ಕಪ್ಪು ಬಿಳಿ ರಂಗೋಲಿ. ಇದು ಹೊಸ ಕಥೆ ಏನಲ್ಲ. 2000ದಲ್ಲಿ ಕ್ಯೂಕ್ಯಾಟ್ ಅಂತ ಬೆಕ್ಕಿನ ಆಕಾರದ ಬಾರ್‌ಕೋಡ್ ರೀಡರನ್ನ ಅಮೆರಿಕದಲ್ಲಿ ಪುಕ್ಕಟೆ ಹಂಚಿದ್ರು, ಮ್ಯಾಗಜೀನಿನ ಜಾಹೀರಾತು ಸ್ಕ್ಯಾನ್ ಮಾಡಿದ್ರೆ ವೆಬ್‌ಸೈಟ್ ತೆರೆಯುತ್ತೆ ಅಂತ, ಕಂಪನಿ ಮುಳುಗ್ತು, ಬೆಕ್ಕು ಮೂಲೆಗೆ ಬಿತ್ತು. ಗೂಗಲ್ ಕೂಡ ಸುತ್ತಮುತ್ತಲ ವಸ್ತುಗಳೇ ಫೋನಿಗೆ ಲಿಂಕ್ ಕಳಿಸೋ ನಿಯರ್‌ಬೈ ನೋಟಿಫಿಕೇಶನ್ ಅಂತ ಮಾಡಿ 2018ರ ಡಿಸೆಂಬರಲ್ಲಿ ನಿಲ್ಲಿಸ್ತು.

ನನ್ನನ್ನ ಕಾಪಾಡಿದ್ದು ಕ್ಯೂಆರ್ ಕೆಳಗೆ ಅಚ್ಚಾಗಿದ್ದ ಆ ಸಣ್ಣ ನಂಬರು. ಅದೃಷ್ಟಕ್ಕೆ ಹಿಂದಿನ ತಿಂಗಳಷ್ಟೇ ಪಟ್ಟಿ ಪೂರ್ತಿ ಸಿಎಸ್‌ವಿ ಅನ್ನೋ ಸಾದಾ ಫೈಲಾಗಿ ಇಳಿಸಿಕೊಂಡಿದ್ದೆ, ಸ್ಪ್ರೆಡ್‌ಶೀಟಲ್ಲಿ ನಂಬರ್ ಹುಡುಕಿದ್ರೆ ಸಿಕ್ತಿತ್ತು. ಫೋಟೋ ಮತ್ತು ಬಿಲ್ಲು ಮಾತ್ರ ಆ ಫೈಲಲ್ಲಿ ಬರಲ್ಲ, ಬೇರೆ ಇಟ್ಕೊಳ್ಳಿ. ನೀವು ಯಾವ ಕಿಟ್ ತಗೊಂಡ್ರೂ ಪಟ್ಟಿ ಹೀಗೆ ಇಳಿಸಿಕೊಳ್ಳೋ ಎಕ್ಸ್‌ಪೋರ್ಟ್ ಇದೆಯಾ, ಕಣ್ಣಲ್ಲಿ ಓದೋ ನಂಬರ್ ಇದೆಯಾ ಅಂತ ಮೊದಲು ನೋಡಿ, ಬಣ್ಣ ಆಮೇಲೆ. ಹಾಂ, ಬಿಲ್ ಅಂದ್ಮೇಲೆ ನೆನಪಾಯ್ತು, ಪುಟಗಳು ಲಿಂಕ್ ಇರೋರಿಗೆಲ್ಲ ಕಾಣೋ ಹಾಗೆ ಡೀಫಾಲ್ಟ್ ಇತ್ತು, ಅಂದ್ರೆ ಸೂಟ್‌ಕೇಸ್ ಮೇಲಿನ ಸ್ಟಿಕ್ಕರನ್ನ ದಾರೀಲಿ ಹೋಗೋರು ಸ್ಕ್ಯಾನ್ ಮಾಡಿದ್ರೆ ಅದರ ಬಿಲ್ಲು, ಬಿಲ್ಲಲ್ಲಿರೋ ಮನೆ ವಿಳಾಸ ಎಲ್ಲ ಓದಬಹುದಿತ್ತು. ಮೊದಲ ದಿನವೇ ಪ್ರೈವೇಟ್ ಮಾಡ್ಕೊಳ್ಳಿ.

ಇಷ್ಟೆಲ್ಲ ಆದ್ರೂ ನಂಗೆ ಅತೀ ಹೆಚ್ಚು ತಲೆ ತಿಂದಿದ್ದು ಸರ್ಚು. ಸ್ಟಿಕ್ಕರ್ ಅಂಟಿಸೋದು ಸುಲಭ, ಏನಂತ ಬರೀತೀರಿ ಅನ್ನೋದೇ ಕಷ್ಟ. ನಾನು ಅಲೆನ್ ಕೀ ಅಂತ ಬರೆದೆ. ತಮ್ಮ ಬಂದವನು ಎಲ್ ಕೀ ಅಂತ ಹುಡುಕಿ ಇಲ್ಲ ಅಂದ. ಹೆಂಡತಿ ಸ್ಪ್ಯಾನರ್ ಅಂತ ಹುಡುಕಿದ್ಲು. ಆ ಪೆಟ್ಟಿಗೆ ಕಣ್ಣ ಮುಂದೇನೇ ಇತ್ತು, ಆ್ಯಪ್ ಇಬ್ಬರಿಗೂ ಏನೂ ಸಿಗಲಿಲ್ಲ ಅಂತು. ಕನ್ನಡದಲ್ಲಿ ಇದು ಇನ್ನೂ ಮಜಾ. ‘ಚಾರ್ಜರ್’ ಅಂತ ಬರೆದಿರ್ತೀರಿ, ‘ಚಾರ್ಜರು’ ಅಂತ ಹುಡುಕಿದ್ರೆ ಬರಲ್ಲ. ಅದಾದ್ರೂ ಕಣ್ಣಿಗೆ ಕಾಣೋ ವ್ಯತ್ಯಾಸ. ಒಂದು ಪೆಟ್ಟಿಗೆ ಮೇಲೆ ‘ಹೆಡ್‌ಫೋನ್’ ಅಂತಾನೇ ಬರೆದಿದ್ದೆ, ‘ಹೆಡ್‌ಫೋನ್’ ಅಂತಾನೇ ಹುಡುಕಿದೆ, ಇಲ್ಲ ಅಂತು! ಅರ್ಧ ಗಂಟೆ ಜಗಳ ಆಡಿದ್ಮೇಲೆ ಗೊತ್ತಾಯ್ತು, ಡ ಮತ್ತೆ ಫ ಒಂದರ ಕೆಳಗೊಂದು ಒತ್ತಾಗದೆ ಬಿಡಿಯಾಗಿ ನಿಲ್ಲಬೇಕಂದ್ರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತೆ, ಒಂದು ಕೀಬೋರ್ಡು ಅದನ್ನ ಒಂಥರ ಹಾಕುತ್ತೆ, ಇನ್ನೊಂದು ಬೇರೆಥರ ಹಾಕುತ್ತೆ, ನೋಡೋಕೆ ತದ್ರೂಪು, ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಪದ. ಆ ಕಾಣದ ಅಕ್ಷರಗಳನ್ನ ಬಿಟ್ಟು ಹೋಲಿಸಪ್ಪಾ ಅಂತ ಆ್ಯಪಿಗೆ ಹೇಳಿಕೊಡೋದು ದೊಡ್ಡ ಕೆಲಸ ಏನಲ್ಲ, ಯಾರೂ ಮಾಡಿಲ್ಲ ಅಷ್ಟೇ. ಇದೇ ನನ್ನ ದೊಡ್ಡ ದೂರು, ಪ್ಲಾನ್ ಗಲಾಟೆಗಿಂತ.

ಅದಕ್ಕೆ ನಾನು ಮಾಡ್ಕೊಂಡ ಉಪಾಯ: ನೋಟ್ ಅನ್ನೋ ಜಾಗದಲ್ಲಿ ಮನೆಯವರು ಆ ವಸ್ತುಗೆ ಏನೇನು ಅಂತಾರೋ ಎಲ್ಲಾನೂ ಸಾಲಾಗಿ ಸುರೀತೀನಿ. ಆ್ಯಪಲ್ಲಿ ಇತ್ತೀಚಿನ ಹುಡುಕಾಟ ಅಂತ ಒಂದು ಪಟ್ಟಿ ಕಾಣುತ್ತೆ, ವಾರಕ್ಕೊಂದು ಸಲ ಅದನ್ನ ತೆಗೆದು ಯಾರು ಏನು ಹುಡುಕಿ ಸಿಗದೆ ವಾಪಸ್ ಹೋಗಿದ್ದಾರೆ ನೋಡ್ತೀನಿ. ಓದೋಕೆ ಬಲೇ ಚೆನ್ನಾಗಿರುತ್ತೆ.

ಐದಕ್ಕೆ ಮೂರೂವರೆ ಸ್ಟಾರು. ಸ್ಟಿಕ್ಕರಿಗೆ ಐದು, ಬಿಲ್ಲೆಗೆ ಮೂರು, ಸಪೋರ್ಟಿಗೆ ಒಂದು, ಕನ್ನಡ ಸರ್ಚಿಗೆ ಎರಡು, ಲೆಕ್ಕ ಸರಿಹೋಗಲ್ಲ ಗೊತ್ತು, ಪ್ರಿಂಟರಿನ ಖುಷಿಗೆ ಸೇರಿಸಿದ್ದೀನಿ. ಪದೇಪದೇ ಮನೆ ಬದಲಾಯಿಸೋರು, ಅಟ್ಟ ತುಂಬ ಡಬ್ಬ ಇರೋರು ತಗೊಳ್ಳಿ. ಒಂದೇ ರೂಮಲ್ಲಿ ಇರೋರಿಗೆ ಬೇಡ, ಎದ್ದು ನೋಡಿದ್ರೆ ಸಿಗುತ್ತೆ.

ಹೋದ ವಾರದ ಹುಡುಕಾಟದ ಪಟ್ಟೀಲಿ ಅಮ್ಮ ಟೈಪ್ ಮಾಡಿದ್ದು ಒಂದಿತ್ತು: ‘ಆವತ್ತು ಕುರ್ಚಿ ಕಾಲಿಗೆ ತಿರುಗಿಸಿದ್ದು’. ಹದಿನಾಲ್ಕನೇ ಪೆಟ್ಟಿಗೆ ನೋಟಲ್ಲಿ ಅಲೆನ್ ಕೀ, ಎಲ್ ಕೀ, ಸ್ಪ್ಯಾನರ್ ಆದ್ಮೇಲೆ ಈಗ ಅದನ್ನೂ ಹಾಗೇ ಸೇರಿಸಿದ್ದೀನಿ. ನಿನ್ನೆ ಅವರೇ ಹುಡುಕಿ ತಗೊಂಡು ಹೋದ್ರು. ವಾಪಸ್ ಇನ್ನೂ ಇಟ್ಟಿಲ್ಲ.